ಸಂತ ಸಿಸಿಲಿಯಾಳ ದಿನವೂ ಹೆಣ್ಣುಮಕ್ಕಳ ಸಂಗೀತ ಪಾಠವೂ

ವರ್ಷದ ದಿನಗಳಲ್ಲಿ ಪಾಶ್ಚಾತ್ಯ ದೇಶಗಳ ಸಂಗೀತಗಾರರು ತಮ್ಮದೆಂದು ಎಣಿಸಿಕೊಂಡು ಬಂದಿರುವ ದಿನವೊಂದುಂಟು. ಅದು ನವೆಂಬರ್ ತಿಂಗಳ 22ನೆಯ ತಾರೀಖು. ಪುರಾತನ ರೋಮಾಪುರಿಯಲ್ಲಿ ಕ್ರಿಸ್ತನ ನಾಮದ ನಿಮಿತ್ತ ಪ್ರಾಣಾರ್ಪಣೆ ಮಾಡಿದಳೆಂದು ಸಭೆಯು ಸ್ಮರಿಸುವ ಸಿಸಿಲಿಯಾ ಎಂಬಾಕೆಯ ಹಬ್ಬವು ಆ ದಿನ ಬರುತ್ತದೆ. ಸಂತರ ಹಬ್ಬಗಳನ್ನು ಆಚರಿಸುವ ರೂಢಿಯು ನಮ್ಮ ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಾಗಿ ಇಲ್ಲವಾದರೂ, ಈ ಒಂದು ದಿನದ ಚರಿತ್ರೆಯನ್ನು ತಿಳಿದುಕೊಳ್ಳುವುದು ನಮ್ಮ ಶಾಲೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಪ್ರಯೋಜನಕರವೆಂಬುದು ನನ್ನ ನಂಬಿಕೆ. ಏಕೆಂದರೆ, ಸಂಗೀತಕ್ಕೆ ಒಬ್ಬ ಸ್ತ್ರೀಯನ್ನು ಪಾಲಕಳನ್ನಾಗಿ ಆರಿಸಿಕೊಂಡ ಲೋಕವು, ಆಕೆಯ ದಿನದ ಲೆಕ್ಕವನ್ನು ಬರೆಯುವಾಗ ಬಹುಮಟ್ಟಿಗೆ ಪುರುಷರ ಹೆಸರುಗಳನ್ನೇ ಬರೆದಿದೆ. ಇದು ಹೇಗಾಯಿತು, ಇದರಿಂದ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಯಾವ ಪಾಠವು ದೊರೆಯುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಸಿಸಿಲಿಯಾಳ ಕಥೆಯನ್ನೇ ನೋಡೋಣ. ಆಕೆಯ ಮರಣವಾಗಿ ಬಹುಕಾಲ ಕಳೆದ ಮೇಲೆ ಬರೆಯಲ್ಪಟ್ಟ ಚರಿತ್ರೆಯೊಂದರಲ್ಲಿ, ಆಕೆಯ ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆಯು ತನ್ನ ಹೃದಯದಲ್ಲಿ ಕರ್ತನೊಬ್ಬನಿಗೇ ಹಾಡುತ್ತಿದ್ದಳೆಂದು ಹೇಳಿದೆ. ಮುಂದೆ ಈ ಮಾತನ್ನು ದೇವಾರಾಧನೆಯಲ್ಲಿ ಹಾಡುವಾಗ ‘ಹೃದಯದಲ್ಲಿ’ ಎಂಬ ಪದವು ಬಿಟ್ಟುಹೋಯಿತು. ವಾದ್ಯಗಳನ್ನು ಸೂಚಿಸುವ ಲತೀನ್ ಶಬ್ದವನ್ನು ಜನರು ಆರ್ಗನ್ ಎಂದೇ ತಿಳಿದರು. ಹೀಗೆ ಮೌನವಾಗಿ ಹಾಡಿದವಳ ಕೈಗೆ ಚಿತ್ರಕಾರರು ಆರ್ಗನ್ ಕೊಟ್ಟರು. 1585ರಲ್ಲಿ ಪೋಪ್ ಐದನೆಯ ಸಿಕ್ಸ್ಟಸನು ರೋಮಿನ ಸಂಗೀತಗಾರರ ಸಂಘಕ್ಕೆ ಅನುಮತಿಯಿತ್ತಾಗ ಅದರ ಪಾಲಕರಲ್ಲಿ ಸಿಸಿಲಿಯಾಳೂ ಒಬ್ಬಳಾದಳು. ಆ ಸಂಘವು ಆಕೆಯ ಹೆಸರಿನಿಂದಲೇ ಇಂದಿಗೂ ನಡೆಯುತ್ತಿದೆ.

ಹೃದಯದಲ್ಲಿ ಹಾಡುವುದು ಭಕ್ತಿಯ ಶ್ರೇಷ್ಠವಾದ ಲಕ್ಷಣವೇ ಸರಿ. ಆದರೆ ‘ಹೆಣ್ಣಾದವಳು ಹೃದಯದಲ್ಲಿ ಹಾಡಿಕೊಂಡರೆ ಸಾಕು, ಬಾಯಿಬಿಟ್ಟು ಹಾಡುವುದೂ ಬರೆಯುವುದೂ ಗಂಡಸರ ಕೆಲಸ’ ಎಂದು ಲೋಕವು ಅದನ್ನೇ ನಿಯಮವಾಗಿ ಮಾಡಿಕೊಂಡರೆ ಅದು ಭಕ್ತಿಯಲ್ಲ, ಅನ್ಯಾಯ. ಈ ಅನ್ಯಾಯವು ಎಷ್ಟು ಮೆಲ್ಲನೆ, ಎಷ್ಟು ಪ್ರೀತಿಯ ಮನೆಗಳಲ್ಲಿಯೇ ನಡೆದುಬಂದಿದೆ ಎಂಬುದನ್ನು ಈ ದಿನದ ಚರಿತ್ರೆಯು ತೋರಿಸುತ್ತದೆ.

ಲಂಡನ್ ಪಟ್ಟಣದಲ್ಲಿ 1683ನೆಯ ಇಸವಿಯಿಂದ ಈ ದಿನವನ್ನು ಹೊಸ ಸಂಗೀತದೊಡನೆ ಆಚರಿಸುವ ಪದ್ಧತಿಯು ಬೆಳೆಯಿತು. ಆ ವರ್ಷದ ಗೀತಕ್ಕೆ ಸಂಗೀತವನ್ನು ರಚಿಸಿದವನು ಹೆನ್ರಿ ಪರ್ಸೆಲ್. 1692ರಲ್ಲಿ ಅದಕ್ಕಿಂತ ದೊಡ್ಡದಾದ ಮತ್ತೊಂದು ಸ್ತುತಿಗೀತವನ್ನು ಆತನೇ ಸಿದ್ಧಮಾಡಿದನು. 1695ರಲ್ಲಿ ಸಿಸಿಲಿಯಾಳ ಹಬ್ಬದ ಹಿಂದಿನ ದಿನವೇ, ಇನ್ನೂ ನಲವತ್ತು ತುಂಬದಿದ್ದ ಆತನು ತೀರಿಕೊಂಡದ್ದು ಒಂದು ವಿಚಿತ್ರವಾದ ಯೋಗ. 1739ರ ನವೆಂಬರ್ 22ರಂದು ಹ್ಯಾಂಡೆಲನು ಕವಿ ಡ್ರೈಡನನ ಸಿಸಿಲಿಯಾ ಗೀತಕ್ಕೆ ತಾನು ಕಟ್ಟಿದ ಸಂಗೀತವನ್ನು ಅದೇ ಪಟ್ಟಣದ ಲಿಂಕನ್ಸ್ ಇನ್ ಫೀಲ್ಡ್ಸ್ ನಾಟಕಶಾಲೆಯಲ್ಲಿ ಮೊದಲ ಬಾರಿ ಹಾಡಿಸಿದನು. ಪರ್ಸೆಲ್, ಡ್ರೈಡನ್, ಹ್ಯಾಂಡೆಲ್ ಎಂಬೀ ಹೆಸರುಗಳನ್ನು ಓದಿದವರೆಲ್ಲರೂ ಬಲ್ಲರು. ಆ ರಾತ್ರಿ ಹ್ಯಾಂಡೆಲನ ಸ್ವರಗಳಿಗೆ ಜೀವಕೊಟ್ಟ ಎಲಿಜಬೆತ್ ಡುಪಾರ್ಕ್ ಎಂಬ ಗಾಯಕಿಯ ಹೆಸರನ್ನು ಎಷ್ಟು ಮಂದಿ ಬಲ್ಲರು?

ಪರ್ಸೆಲನ ವಿಷಯದಲ್ಲಿ ಶಾಲೆಯವರಾದ ನಾವು ಮರೆಯಬಾರದ ಸಂಗತಿ ಇನ್ನೊಂದುಂಟು. ಆತನ ಪ್ರಸಿದ್ಧವಾದ ‘ಡೈಡೋ ಮತ್ತು ಈನಿಯಾಸ್’ ಎಂಬ ಸಂಗೀತನಾಟಕವು ಆಡಲ್ಪಟ್ಟಿತೆಂದು ನಮಗೆ ತಿಳಿದಿರುವ ಪ್ರಥಮ ಸ್ಥಳಗಳಲ್ಲಿ ಮುಖ್ಯವಾದದ್ದು ರಾಜನ ಅರಮನೆಯಲ್ಲ. 1689ರ ಸುಮಾರಿಗೆ ಚೆಲ್ಸಿಯಲ್ಲಿದ್ದ, ಜೋಸಾಯಸ್ ಪ್ರೀಸ್ಟ್ ಎಂಬ ನೃತ್ಯಗುರುವು ನಡಿಸುತ್ತಿದ್ದ, ಹೆಣ್ಣುಮಕ್ಕಳ ಒಂದು ವಸತಿಶಾಲೆ. ಹುಡುಗಿಯರ ಶಾಲೆಯೆಂದರೆ ಸಣ್ಣಪುಟ್ಟ ಹಾಡುಗಳಿಗೆ ಮಾತ್ರ ತಕ್ಕ ಸ್ಥಳವೆಂದು ಎಣಿಸುವವರು ಇದನ್ನು ಗಮನಿಸಲಿ. ಒಂದು ರಾಷ್ಟ್ರದ ಸಂಗೀತಚರಿತ್ರೆಯಲ್ಲಿ ನಿಲ್ಲತಕ್ಕ ಕೃತಿಯನ್ನು ಶಾಲೆಯ ಹುಡುಗಿಯರು ಎತ್ತಿ ಹಿಡಿದರು.

ಈಗ ಜರ್ಮನಿಗೆ ಹೋಗೋಣ. 1710ರ ನವೆಂಬರ್ 22ರಂದು, ಅಂದರೆ ಸಿಸಿಲಿಯಾಳ ದಿನದಲ್ಲಿಯೇ, ವೈಮಾರ್ ಪಟ್ಟಣದಲ್ಲಿ ಮಹಾ ಸಂಗೀತಕರ್ತನಾದ ಯೊಹಾನ್ ಸೆಬಾಸ್ಟಿಯನ್ ಬಾಖನಿಗೆ ಫ್ರೀಡಮಾನ್ ಎಂಬ ಹಿರಿಯ ಮಗನು ಹುಟ್ಟಿದನು. ಆ ಹುಡುಗನಿಗೆ ಒಂಬತ್ತು ವರ್ಷವಾದಾಗ, 1720ರ ಜನವರಿಯಲ್ಲಿ, ತಂದೆಯು ಅವನಿಗಾಗಿಯೇ ಒಂದು ಪಾಠದ ಪುಸ್ತಕವನ್ನು ಆರಂಭಿಸಿದನು. ಸ್ವರಗಳ ಗುರುತುಗಳು, ಯಾವ ಬೆರಳನ್ನು ಎಲ್ಲಿ ಇಡಬೇಕೆಂಬುದು, ಸುಲಭವಾದ ಪಾಠಗಳಿಂದ ಕಠಿನವಾದವುಗಳಿಗೆ ಏರುವ ಕ್ರಮ, ಎಲ್ಲವೂ ಅದರಲ್ಲಿವೆ. ಇಂದಿಗೂ ಲೋಕದಲ್ಲೆಲ್ಲಾ ಪಿಯಾನೋ ಕಲಿಯುವ ಮಕ್ಕಳು ಅಭ್ಯಾಸಮಾಡುವ ಕೆಲವು ಪಾಠಗಳು ಮೊದಲು ಕಾಣಿಸಿಕೊಂಡದ್ದು ಆ ಪುಸ್ತಕದಲ್ಲಿಯೇ. ಶಿಕ್ಷಕಿಯಾದ ನನಗೆ ಅದಕ್ಕಿಂತ ಸುಂದರವಾದ ಪಾಠಪುಸ್ತಕವು ಬೇರೊಂದು ತೋರದು.

ಆದರೆ ಈ ಹಿರಿಯ ಮಗನಿಗಿಂತ ಹಿರಿಯಳಾದ ಮಗಳೊಬ್ಬಳು ಆ ಮನೆಯಲ್ಲಿದ್ದಳು. ಆಕೆಯ ಹೆಸರು ಕತಾರಿನಾ ಡೊರೊಥಿಯಾ. 1730ರಲ್ಲಿ ಬಾಖನು ತನ್ನ ಮಿತ್ರನಿಗೆ ಬರೆದ ಕಾಗದದಲ್ಲಿ, ತನ್ನ ಮನೆಯವರಿಂದಲೇ ಒಂದು ಗಾಯನ ವಾದನ ಮೇಳವನ್ನು ಕೂಡಿಸಬಹುದೆಂದೂ, ಹೆಂಡತಿಯು ಶುದ್ಧವಾದ ಧ್ವನಿಯಲ್ಲಿ ಹಾಡುವಳೆಂದೂ, ಹಿರಿಯ ಮಗಳು ಕೂಡ ತಕ್ಕಮಟ್ಟಿಗೆ ಸೇರಿಕೊಳ್ಳುವಳೆಂದೂ ಸಂತೋಷದಿಂದ ತಿಳಿಸಿದ್ದಾನೆ. ಆ ಮಗಳ ಸಂಗೀತದ ವಿಷಯದಲ್ಲಿ ಚರಿತ್ರೆಯು ಉಳಿಸಿಕೊಂಡಿರುವುದು ಬಹುಮಟ್ಟಿಗೆ ಈ ಒಂದು ಮಾತನ್ನೇ. ತಮ್ಮನು ಡ್ರೆಸ್ಡೆನ್ ಮತ್ತು ಹಾಲೆ ಪಟ್ಟಣಗಳ ದೇವಾಲಯಗಳಲ್ಲಿ ಆರ್ಗನ್ ವಾದಕನಾದನು, ಕೃತಿಗಳನ್ನು ರಚಿಸಿದನು. ಅಕ್ಕನು ಮನೆಯ ಮೇಳದಲ್ಲಿ ‘ಸೇರಿಕೊಂಡಳು.’ ಬಾಖನು ಕಠೋರನಾದ ತಂದೆಯಾಗಿದ್ದನೆಂದು ನಾನು ಹೇಳುವುದಿಲ್ಲ. ಆತನು ಎರಡನೆಯ ಹೆಂಡತಿಗೆ ಸ್ವರಪುಸ್ತಕಗಳನ್ನು ಪ್ರೀತಿಯಿಂದ ಕೊಟ್ಟವನು. ಆದರೆ ಆ ಕಾಲದಲ್ಲಿ ದೇವಾಲಯದ ವಾದಕನ ಕೆಲಸವು ಮಗನಿಗೆ ತೆರೆದಿತ್ತು, ಮಗಳಿಗೆ ಮುಚ್ಚಿತ್ತು. ಮುಚ್ಚಿದ ಬಾಗಿಲಿಗೆ ದಾರಿ ತೋರಿಸುವ ಪುಸ್ತಕವನ್ನು ಯಾರು ತಾನೇ ಬರೆಯುವರು?

ನೂರು ವರ್ಷಗಳ ತರುವಾಯ ಇದೇ ಕಥೆಯು ಇನ್ನಷ್ಟು ಸ್ಪಷ್ಟವಾಗಿ ನಡೆಯಿತು. ಬರ್ಲಿನ್ನಿನ ಮೆಂಡೆಲ್ಸನ್ ಮನೆತನದಲ್ಲಿ ಫ್ಯಾನಿ ಎಂಬ ಅಕ್ಕನೂ ಫೆಲಿಕ್ಸ್ ಎಂಬ ತಮ್ಮನೂ ಒಟ್ಟಿಗೆ ಒಂದೇ ಗುರುಗಳಿಂದ ಕಲಿತರು. ಆದರೆ ಫ್ಯಾನಿಗೆ ಹದಿನಾಲ್ಕು ವರ್ಷವಾಗಿದ್ದಾಗ, 1820ರಲ್ಲಿ, ತಂದೆಯು ಆಕೆಗೊಂದು ಕಾಗದ ಬರೆದು, ಸಂಗೀತವು ತಮ್ಮನಿಗೆ ಜೀವನವೃತ್ತಿಯಾಗಬಹುದು, ನಿನಗಾದರೋ ಅದು ಅಲಂಕಾರವಾಗಿ ಮಾತ್ರ ಇರಬೇಕು ಎಂಬ ಅಭಿಪ್ರಾಯವನ್ನು ತಿಳಿಸಿದನು. ಆಕೆಯ ಆರು ಹಾಡುಗಳು ತಮ್ಮನ ಹೆಸರಿನಲ್ಲಿ ಅಚ್ಚಾದವು. 1842ರಲ್ಲಿ ವಿಕ್ಟೋರಿಯಾ ರಾಣಿಯು ಫೆಲಿಕ್ಸನ ಮುಂದೆ ತಾನು ಮೆಚ್ಚಿದ ಹಾಡೊಂದನ್ನು ಹಾಡಿದಾಗ, ಅದು ತನ್ನ ಅಕ್ಕನದೆಂದು ಅವನು ಒಪ್ಪಿಕೊಳ್ಳಬೇಕಾಯಿತು. ಇಷ್ಟರಲ್ಲಿಯೂ ಫ್ಯಾನಿಯು ಸುಮ್ಮನಿರಲಿಲ್ಲ. ತನ್ನ ಮನೆಯಲ್ಲಿ ಭಾನುವಾರದ ಸಂಗೀತಸಭೆಗಳನ್ನು ನಡಿಸಿದಳು. ನಾನೂರಕ್ಕಿಂತ ಹೆಚ್ಚು ಕೃತಿಗಳನ್ನು ರಚಿಸಿದಳು. 1833ರಲ್ಲಿ ಸಿಸಿಲಿಯಾಳ ಹಬ್ಬಕ್ಕೆಂದೇ ಒಂದು ಕೃತಿಯನ್ನು ಬರೆದಳು. ಈ ದಿನದ ಲೆಕ್ಕದಲ್ಲಿ ಸಿಸಿಲಿಯಾಳಿಗೆ ಒಬ್ಬ ಹೆಣ್ಣುಮಗಳು ಸ್ವಹಸ್ತದಿಂದ ಸಲ್ಲಿಸಿದ ಕಾಣಿಕೆಯೆಂದು ಅದನ್ನು ನಾನು ವಿಶೇಷವಾಗಿ ಎಣಿಸುತ್ತೇನೆ. ಸ್ವಂತ ಹೆಸರಿನಲ್ಲಿ ಕೃತಿಗಳ ಮೊದಲ ಸಂಪುಟವನ್ನು ಆಕೆಯು ಪ್ರಕಟಿಸಿದ್ದು 1846ರಲ್ಲಿ. ಮರುವರ್ಷದ ಮೇ ತಿಂಗಳಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಮೃತಳಾದಳು. 1828ರಲ್ಲಿ ಆಕೆಯು ಬರೆದಿದ್ದ ಈಸ್ಟರ್ ಸೊನಾಟ ಎಂಬ ಪಿಯಾನೋ ಕೃತಿಯು ತಮ್ಮನದೆಂದೇ ಎಣಿಸಲ್ಪಟ್ಟಿದ್ದು, 2010ರಲ್ಲಿ ಹಸ್ತಪ್ರತಿಯನ್ನು ಪರೀಕ್ಷಿಸಿದ ಬಳಿಕ ಆಕೆಯದೆಂದು ಸಿದ್ಧವಾಯಿತು. ನೂರ ಎಂಬತ್ತು ವರ್ಷಗಳು ಕಳೆದ ಮೇಲೆ ಒಬ್ಬಳಿಗೆ ಆಕೆಯ ಹೆಸರು ದೊರೆಯಿತು!

‘ಸ್ತ್ರೀಯರಿಗೆ ಹಾಡುವ ಶಕ್ತಿಯುಂಟು, ರಚಿಸುವ ಶಕ್ತಿಯಿಲ್ಲ, ಇದ್ದಿದ್ದರೆ ಚರಿತ್ರೆಯಲ್ಲಿ ಕಾಣುತ್ತಿರಲಿಲ್ಲವೇ?’ ಎಂದು ವಿದ್ಯಾವಂತರೂ ಕೇಳುವುದುಂಟು. ಅವರಿಗೆ ಮೇಲಿನ ಎರಡು ಮನೆಗಳೇ ಉತ್ತರ. ಒಂದೇ ರಕ್ತ, ಒಂದೇ ಅಂಗಳ, ಒಂದೇ ಮೇಜು. ಒಬ್ಬನಿಗೆ ವೃತ್ತಿ, ಒಬ್ಬಳಿಗೆ ಅಲಂಕಾರ. ಬೀಜದಲ್ಲಿ ಭೇದವಿರಲಿಲ್ಲ, ನೀರೆರೆಯುವುದರಲ್ಲಿ ಭೇದವಿತ್ತು. ನೀರೆರೆಯದೆ ಬಿಟ್ಟ ಪಾತಿಯಲ್ಲಿ ಹೂವಿಲ್ಲವೆಂದು ಮಣ್ಣನ್ನು ದೂಷಿಸುವುದು ತೋಟಗಾರನ ನ್ಯಾಯವಲ್ಲ.

ಇನ್ನು ನಮಗೆ ಸಮೀಪವಾದ ಕಾಲದ ಸಂಗತಿಗಳನ್ನು ನೋಡೋಣ. 1900ರ ನವೆಂಬರ್ 22ರಂದು ಲಂಡನ್ನಿನಲ್ಲಿ ಆರ್ಥರ್ ಸಲಿವನನು ತೀರಿಕೊಂಡನು. ಕ್ರೈಸ್ತ ಸೈನಿಕರನ್ನು ಮುನ್ನಡೆಯಿರೆಂದು ಕರೆಯುವ, ಲೋಕದ ಅನೇಕ ಸಭೆಗಳಲ್ಲಿ ಹಾಡಲ್ಪಡುವ ಇಂಗ್ಲಿಷ್ ಗೀತಕ್ಕೆ 1871ರಲ್ಲಿ ರಾಗವನ್ನು ಕೊಟ್ಟವನು ಆತನೇ. ಆ ರಾಗಕ್ಕೆ ಗರ್ಟ್ರೂಡ್ ಎಂಬ ಹೆಸರು. ಅದು ಆತನನ್ನು ಅತಿಥಿಯಾಗಿ ಸತ್ಕರಿಸಿದ ಗೃಹಿಣಿಯ ಹೆಸರು. ಹಾಡುಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅದು ಇಂದಿಗೂ ಅಚ್ಚಾಗುತ್ತಿದೆ. 1901ರ ಇದೇ ದಿನ ಸ್ಪೇನ್ ದೇಶದಲ್ಲಿ ಹೊವಾಕಿನ್ ರೊಡ್ರಿಗೊ ಎಂಬವನು ಜನಿಸಿದನು. ಮೂರನೆಯ ವರ್ಷದಲ್ಲಿ ಗಂಟಲುಮಾರಿಯಿಂದ ಕಣ್ಣು ಕಳೆದುಕೊಂಡ ಆತನು ಬ್ರೈಲ್ ಲಿಪಿಯಲ್ಲಿ ಸಂಗೀತವನ್ನು ಬರೆದನು. ಗಿಟಾರ್ ಮತ್ತು ವಾದ್ಯಮೇಳಕ್ಕಾಗಿ ಬರೆದ ಆತನ ‘ಅರಾನ್‌ಹ್ವೆಸ್’ ಕೃತಿಯು 1940ರಲ್ಲಿ ಬಾರ್ಸಿಲೋನದಲ್ಲಿ ಮೊದಲು ನುಡಿಸಲ್ಪಟ್ಟು ಲೋಕಪ್ರಸಿದ್ಧವಾಯಿತು. ಆತನ ಕಣ್ಣಾಗಿ ನಿಂತವಳು ಹೆಂಡತಿಯಾದ ವಿಕ್ಟೋರಿಯಾ ಕಾಮ್ಹಿ. ಆಕೆಯು ತಾನೇ ನುರಿತ ಪಿಯಾನೋ ವಾದಕಿಯಾಗಿದ್ದಳು. 1928ರ ಇದೇ ದಿನ ಪ್ಯಾರಿಸಿನ ನಾಟಕಮಂದಿರದಲ್ಲಿ ರವೇಲನ ‘ಬೊಲೇರೋ’ ಎಂಬ ನೃತ್ಯಸಂಗೀತವು ಮೊದಲು ಕೇಳಿಸಿತು. ಆದಿಯಿಂದ ಅಂತ್ಯದವರೆಗೆ ಒಂದೇ ತಾಳವನ್ನು ಬಿಡದೆ ಮೆಲ್ಲಗೆ ಏರುವ ಆ ಕೃತಿಯನ್ನು ಕೇಳಿ ಬರೆಯಿಸಿದವಳೂ ಅಂದು ನರ್ತಿಸಿದವಳೂ ಇಡಾ ರೂಬಿನ್‌ಸ್ಟೈನ್. ನೃತ್ಯವನ್ನು ಸಂಯೋಜಿಸಿದವಳು ಬ್ರೊನಿಸ್ಲಾವಾ ನಿಜಿನ್‌ಸ್ಕಾ. ಹೀಗೆ ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ಹೆಸರು ನಿಂತಿದೆ.

ಗುರುಗಳಾದವರು ವಿಶೇಷವಾಗಿ ನೆನೆಯತಕ್ಕದ್ದು ಬೆಂಜಮಿನ್ ಬ್ರಿಟನನ ಚರಿತ್ರೆಯನ್ನು. ಇಂಗ್ಲೆಂಡಿನ ಈ ಸಂಗೀತಕರ್ತನು ಹುಟ್ಟಿದ್ದೂ ಸಿಸಿಲಿಯಾಳ ದಿನವೇ, 1913ರಲ್ಲಿ. ಆತನಿಗೆ ಮೊದಲು ಪಿಯಾನೋ ಮುಟ್ಟಿಸಿದವಳು ಹಾಡುಗಾರ್ತಿಯಾದ ತಾಯಿ. ಮುಂದೆ ಪಿಯಾನೋ ಕಲಿಸಿದವಳು ಈಥೆಲ್ ಆಸ್ಟ್ಲ್ ಎಂಬ ಚಿಕ್ಕ ಶಾಲೆಯ ಉಪಾಧ್ಯಾಯಿನಿ. ವಯೋಲ ಎಂಬ ತಂತಿವಾದ್ಯವನ್ನು ಕಲಿಸಿ, ಫ್ರ್ಯಾಂಕ್ ಬ್ರಿಜ್ ಎಂಬ ದೊಡ್ಡ ಗುರುವಿನ ಬಳಿಗೆ ಸೇರಿಸಿದವಳು ಆಡ್ರೀ ಆಲ್ಸ್ಟನ್. ಈ ಮೂವರು ಸ್ತ್ರೀಯರಿಲ್ಲದಿದ್ದರೆ ಬ್ರಿಟನನು ಯಾರಾಗುತ್ತಿದ್ದನೋ ಹೇಳುವುದು ಕಷ್ಟ. 1942ರಲ್ಲಿ ಆತನು ಯುದ್ಧದ ಅಪಾಯದ ನಡುವೆ ಅಮೆರಿಕದಿಂದ ಹಡಗಿನಲ್ಲಿ ಸ್ವದೇಶಕ್ಕೆ ಹೊರಟಾಗ, ಬರೆಯುತ್ತಿದ್ದ ಸಿಸಿಲಿಯಾ ಸ್ತುತಿಯ ಹಸ್ತಪ್ರತಿಯನ್ನು ಗುಪ್ತಲಿಪಿಯಿರಬಹುದೆಂಬ ಶಂಕೆಯಿಂದ ಸುಂಕದ ಅಧಿಕಾರಿಗಳು ಕಿತ್ತುಕೊಂಡರು. ಆತನು ಅದನ್ನು ನೆನಪಿನಿಂದಲೇ ತಿರುಗಿ ಬರೆದು ಮುಗಿಸಿದನು. ಆ ವರ್ಷದ ನವೆಂಬರ್ 22ರಂದು ಅದು ಬಾನುಲಿಯಲ್ಲಿ ಪ್ರಸಾರವಾಯಿತು. ಒಳ್ಳೆಯ ಗುರುಗಳು ಎಳೆತನದಲ್ಲಿ ಕಿವಿಗೂ ಕೈಗೂ ಕೊಟ್ಟ ಶಿಕ್ಷಣವನ್ನು ಯಾವ ಸುಂಕದವನೂ ಕಿತ್ತುಕೊಳ್ಳಲಾರನು.

ಸಂಗೀತವು ಅಲಂಕಾರವೇ, ಅಥವಾ ಅವಶ್ಯವೇ? ಈ ಪ್ರಶ್ನೆಗೆ 1963ರ ನವೆಂಬರ್ 22ರ ಮಧ್ಯಾಹ್ನವು ಉತ್ತರ ಕೊಟ್ಟಿತು. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಅಲ್ಲಿನ ಪ್ರಸಿದ್ಧ ವಾದ್ಯಮೇಳದ ಸಭೆಯು ನಡೆಯುತ್ತಿದ್ದಾಗ ರಾಷ್ಟ್ರಾಧ್ಯಕ್ಷ ಕೆನಡಿಯವರ ಹತ್ಯೆಯ ವಾರ್ತೆಯು ಬಂದಿತು. ಮೇಳದ ನಾಯಕನಾದ ಲೈನ್ಸ್‌ಡಾರ್ಫನು ಅದನ್ನು ಸಭಿಕರಿಗೆ ತಿಳಿಸಿ, ಬೆಟೋವನನ ಮೂರನೆಯ ಸಿಂಫೊನಿಯ ಶೋಕಭಾಗವನ್ನು ನುಡಿಸುವೆವೆಂದನು. ಪುಸ್ತಕಭಂಡಾರದಿಂದ ಸ್ವರಪತ್ರಗಳನ್ನು ಅವಸರದಿಂದ ತಂದು ಹಂಚಲಾಯಿತು; ಅಂದಿನ ಸಭೆಗೆ ಅಭ್ಯಾಸಮಾಡಿರದ ಆ ಕೃತಿಯನ್ನು ವಾದಕರು ನೋಡಿ ನುಡಿಸಿದರು. ಮಾತು ಸೋತಲ್ಲಿ ಒಂದು ಜನಾಂಗವು ಒಡವೆಗಳ ಪೆಟ್ಟಿಗೆಯನ್ನು ತೆರೆಯಲಿಲ್ಲ, ಸಂಗೀತವನ್ನು ತೆರೆಯಿತು. ನಮ್ಮಲ್ಲಿಯೂ ಶವಸಂಸ್ಕಾರದ ಸಮಯದಲ್ಲಿ ಹಾಡನ್ನು ಎತ್ತಿಕೊಡಲು ಒಬ್ಬಳಿದ್ದರೆ ದುಃಖಿತರಿಗೆ ಎಷ್ಟು ಆಧಾರವಾಗುವುದೆಂಬುದನ್ನು ಎಲ್ಲರೂ ಬಲ್ಲರು. ಇದನ್ನು ಅಲಂಕಾರವೆನ್ನಬಹುದೇ?

ಆದರೂ ನಮ್ಮ ಹಿತಚಿಂತಕರಾದ ಕೆಲವರು ಮೂರು ಆಕ್ಷೇಪಣೆಗಳನ್ನು ಹೇಳುತ್ತಾರೆ. ಒಂದನೆಯದು, ಮೇಲಿನ ತರಗತಿಗಳಲ್ಲಿ ಸಂಗೀತಕ್ಕೆ ಕೊಡುವ ವೇಳೆಯನ್ನು ಗಣಿತಕ್ಕೆ ಕೊಟ್ಟರೆ ಪರೀಕ್ಷೆಯಲ್ಲಿ ಹೆಚ್ಚು ಗುಣಗಳು ಬರುವವೆಂಬುದು. ವಾರಕ್ಕೆ ಎರಡು ಪಾಠಗಳಿಂದ ಗಣಿತವು ಕೆಡುವುದಾದರೆ, ಕೆಟ್ಟದ್ದು ಗಣಿತದ ಪಾಠವೇ ಹೊರತು ಸಂಗೀತದ್ದಲ್ಲ. ತಾಳವನ್ನು ಭಾಗಿಸುವವಳು ಭಿನ್ನರಾಶಿಯನ್ನೇ ಅಭ್ಯಾಸಮಾಡುತ್ತಾಳೆ. ಎರಡನೆಯದು, ಪಿಯಾನೋ ಮೊದಲಾದವುಗಳ ವೆಚ್ಚವು ಬಡವರಿಗೆ ಭಾರವೆಂಬುದು. ಇದಕ್ಕೆ ಉತ್ತರವನ್ನೂ ಒಬ್ಬ ಉಪಾಧ್ಯಾಯಿನಿಯೇ ಕೊಟ್ಟಿದ್ದಾಳೆ. ಕರೀಹಲಗೆಯ ಮೇಲೆ ಅಕ್ಷರಗಳಿಂದಲೇ ಸ್ವರವನ್ನು ಕಲಿಸುವ ಟಾನಿಕ್ ಸೋಲ್ಫಾ ಪದ್ಧತಿಗೆ ಬುನಾದಿ ಹಾಕಿದವಳು ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಸಾರಾ ಗ್ಲೋವರ್. ಅದನ್ನು ಬೆಳೆಸಿ ಹಬ್ಬಿಸಿದ ಜಾನ್ ಕರ್ವೆನನ ಹೆಸರೇ ಹೆಚ್ಚು ಪ್ರಸಿದ್ಧವಾದದ್ದು ಈ ಲೇಖನದ ವಾಚಕರಿಗೆ ಆಶ್ಚರ್ಯವನ್ನುಂಟುಮಾಡಲಾರದು. ನಮ್ಮ ಸರಿಗಮಪದನಿಗಳಾದರೋ ಸಾವಿರಾರು ಮಕ್ಕಳಿಗೆ ಯಾವ ವಾದ್ಯವೂ ಇಲ್ಲದೆ ಸ್ವರಜ್ಞಾನವನ್ನು ಕೊಟ್ಟಿವೆ. ಸೀಮೆಸುಣ್ಣವಿದ್ದಲ್ಲಿ ಸಂಗೀತದ ಪಾಠವುಂಟು.

ಮೂರನೆಯದು, ಸಂಗೀತದಿಂದ ಹುಡುಗಿಯರಿಗೆ ಗರ್ವವೂ ಚಾಪಲ್ಯವೂ ಬರುವವೆಂಬುದು. ಸಂಗೀತವನ್ನು ವಾರ್ಷಿಕೋತ್ಸವದ ತೋರಿಕೆಗೋ ವರನ ಕಡೆಯವರು ನೋಡಲು ಬಂದಾಗ ಹಾಡುವ ಒಂದು ಹಾಡಿಗೋ ಮಾತ್ರ ಕಲಿಸಿದರೆ ಈ ಭಯವು ನಿಜವಾದೀತು. ಅಲಂಕಾರವೆಂದು ಕಲಿಸಿದ್ದು ಅಲಂಕಾರದ ದೋಷಗಳನ್ನೇ ತರುವುದು. ವಿದ್ಯೆಯೆಂದು ಕಲಿಸಿದರೆ ಅದು ವಿದ್ಯೆಯ ವಿನಯವನ್ನು ತರುವುದು. ನಾಲ್ಕು ಧ್ವನಿಗಳಲ್ಲಿ ಹಾಡುವಾಗ ತನ್ನ ಧ್ವನಿಯನ್ನು ತಗ್ಗಿಸಿ ನೆರೆಯವಳ ಧ್ವನಿಗೆ ಕಿವಿಗೊಡಬೇಕಾಗುತ್ತದೆ. ವಿನಯಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಾಣೆನು.

ಆದುದರಿಂದ ಶಾಲೆಯ ಹಿತೈಷಿಗಳ ಮುಂದೆ ಮೂರು ವಿಜ್ಞಾಪನೆಗಳನ್ನು ಇಡುತ್ತೇನೆ. ಸಂಗೀತದ ಪಾಠವು ಕೊನೆಯ ತರಗತಿಯವರೆಗೂ ನಿಲ್ಲದಿರಲಿ. ಒಳ್ಳೆಯ ಕಂಠದವರನ್ನು ಆರಿಸಿ ಮಿಕ್ಕವರನ್ನು ಹೊರಗಿಡದೆ, ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಸ್ವರಲಿಪಿಯನ್ನು ಓದಲು ಕಲಿಯಲಿ. ಕಂಠವು ದೇವರ ವರ, ಓದುವುದು ಎಲ್ಲರ ಹಕ್ಕು. ಮೂರನೆಯದಾಗಿ, ಶಾಲೆಯನ್ನು ಬಿಡುವ ಮುಂಚೆ ಪ್ರತಿಯೊಬ್ಬಳೂ ಎಂಟು ಸಾಲಿನದಾದರೂ ಒಂದು ಸ್ವಂತ ರಾಗವನ್ನು ಕಟ್ಟಿ ಕಾಗದದ ಮೇಲೆ ಬರೆಯಲಿ. ಹಾಗೆ ಬರೆದವುಗಳಲ್ಲಿ ಉತ್ತಮವಾದದ್ದನ್ನು ವರ್ಷಕ್ಕೊಮ್ಮೆ, ನವೆಂಬರ್ 22ರಂದು, ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಯು ಹಾಡಲಿ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಲ್ಲರೂ ಫ್ಯಾನಿಯಂತೆ ಆಗಬೇಕೆಂದು ಯಾರೂ ಕೇಳುವುದಿಲ್ಲ. ನಿಮ್ಮಲ್ಲಿ ಹೆಚ್ಚು ಮಂದಿ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗುವಿರಿ. ಒಬ್ಬ ಬ್ರಿಟನನಿಗೆ ಮೊದಲ ಸ್ವರವನ್ನು ಕೊಡುವ ಭಾಗ್ಯವು ನಿಮ್ಮಲ್ಲಿ ಯಾರಿಗೆ ದೊರೆಯುವುದೋ ಯಾರು ಬಲ್ಲರು? ಆದರೆ ನೀವು ಕಟ್ಟಿದ್ದು ನಾಲ್ಕು ಸ್ವರಗಳೇ ಆದರೂ ಅದನ್ನು ಮನಸ್ಸಿನಲ್ಲಿಯೇ ಅಡಗಿಸಿಡಬೇಡಿರಿ. ಶುದ್ಧವಾಗಿ ಬರೆಯಿರಿ, ತಪ್ಪಿದ್ದರೆ ತಿದ್ದಿಕೊಳ್ಳಿರಿ, ಬರೆದ ಕಾಗದದ ಕೆಳಗೆ ತಾರೀಖನ್ನೂ ನಿಮ್ಮ ಹೆಸರನ್ನೂ ಸ್ಪಷ್ಟವಾದ ಅಕ್ಷರಗಳಲ್ಲಿ ಹಾಕಿರಿ.